ಸುರತ್ಕಲ್–ಕೋಲಾಡ್ ರೋರೋ: ಲಾರಿ ಓಡ್ತಿತ್ತು, ನಾನು ಮಲಗಿದ್ದೆ

ಬೈಕಂಪಾಡಿಯಿಂದ ಭಿವಂಡಿ, ವಾಪಿ ಕಡೆಗೆ ಲೋಡ್ ಹೊಡೆಯುವವ ನಾನು. ಸ್ಟೇರಿಂಗ್ ಹಿಡಿದು ಹತ್ತೊಂಬತ್ತು ವರ್ಷ ಆಯ್ತು. ಕೊಂಕಣ ರೈಲ್ವೆಯ ರೋರೋ ಗೊತ್ತಲ್ಲ, ಲೋಡ್ ಸಮೇತ ಲಾರಿಯನ್ನೇ ರೈಲಿನ ಮೇಲೆ ಹತ್ತಿಸುವುದು? 1999ರಲ್ಲಿ ಮಹಾರಾಷ್ಟ್ರದ ಕೋಲಾಡ್‌ನಿಂದ ಗೋವಾದ ವೆರ್ಣಾಕ್ಕೆ ಶುರುವಾಗಿ, ಆಮೇಲೆ ನಮ್ಮ ಸುರತ್ಕಲ್‌ವರೆಗೆ ಬಂತು. ಬಾಡಿಗೆ, ಡೀಸೆಲ್, ಟೋಲ್ ಲೆಕ್ಕ ಧಣಿಗಳು ಹಾಕಲಿ. ನಾನು ನಿದ್ದೆಯ ಲೆಕ್ಕ ಹೇಳ್ತೇನೆ.

ಎರಡು ವರ್ಷದ ಹಿಂದೆ ಮುಂಬೈಯಿಂದ ರಸ್ತೆಯಲ್ಲೇ ವಾಪಸ್ ಬರ್ತಿದ್ದೆ. ಶಿರೂರು ದಾಟುವಾಗಲೇ ಕಣ್ಣಿಗೆ ಹೊಯಿಗೆ ಎರಚಿದ ಹಾಗೆ ಉರಿ. ಊರು ಬಂದೇ ಬಿಟ್ಟಿತಲ್ಲ ಅಂತ ನಿಲ್ಲಿಸಲಿಲ್ಲ. ಬೈಂದೂರಲ್ಲಿ ಒಂದು ಖಡಕ್ ಚಾ ಕುಡಿದೆ, ಹಸಿಮೆಣಸು ಜಗಿದೆ, ಕಿಟಕಿ ಪೂರ್ತಿ ಇಳಿಸಿದೆ. ಮರವಂತೆ ಬರುವಾಗ ಬೆಳಗಿನ ಜಾವ ಮೂರೂವರೆ. ಬಲಕ್ಕೆ ಸಮುದ್ರ, ಎಡಕ್ಕೆ ಸೌಪರ್ಣಿಕಾ ಹೊಳೆ. ನನ್ನ ಕಣ್ಣು ತೆರೆದೇ ಇತ್ತು ಅಂತ ಈಗಲೂ ನನಗೆ ಅನಿಸ್ತದೆ. ಆದರೆ ಕ್ಲೀನರ್ ಹುಡುಗ "ಅಣ್ಣಾ!" ಅಂತ ಕಿರುಚಿ ಸ್ಟೇರಿಂಗ್‌ಗೆ ಕೈ ಹಾಕಿದಾಗ ಎಡಗಡೆ ಚಕ್ರ ಡಾಂಬರು ಬಿಟ್ಟು ಮಣ್ಣಿನಲ್ಲಿ ಓಡ್ತಿತ್ತು. ಗಂಟೆಗೆ 60ರಲ್ಲಿ ನಾಲ್ಕು ಸೆಕೆಂಡ್ ಜೋಂಪು ಹತ್ತಿದ್ರೆ ಲಾರಿ 65 ಮೀಟರ್ ದಾಟಿರ್ತದೆ. ಆ ಹುಡುಗನಿಗೆ ಆಗ ಇಪ್ಪತ್ತು ವರ್ಷ. ಅವನ ಅಮ್ಮನ ಮುಖ ನೋಡಲು ನನಗೆ ಎಷ್ಟೋ ದಿನ ಆಗಲಿಲ್ಲ.

ಚಾ, ಕಾಫಿ ಮೈಗೆ ಹತ್ತಲು ಇಪ್ಪತ್ತು ನಿಮಿಷವೋ ಅರ್ಧ ಗಂಟೆಯೋ ಬೇಕು. ಕುಡಿದ ಕೂಡಲೇ ಗಾಡಿ ಎತ್ತಿದ್ದು ನನ್ನ ತಪ್ಪು. ಕುಡಿದು ಅಲ್ಲೇ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ, ಆಮೇಲೆ ಹೊರಟರೆ ಎರಡೂ ಸೇರಿ ಸ್ವಲ್ಪ ದೂರ ತಳ್ಳಬಹುದು. ಆದರೂ ರಾತ್ರಿ ಎರಡರಿಂದ ಐದು ಗಂಟೆಯ ಹೊತ್ತಿಗೆ ಮೈ ತಾನಾಗಿ ನಿದ್ದೆ ಕೇಳ್ತದೆ. ಎರಡು ರಾತ್ರಿ ಬಾಕಿ ಇಟ್ಟವನಿಗೆ ಮೆಣಸು ಏನು ಮಾಡೀತು?

ಇನ್ನು ರೋರೋ. ರ್‍ಯಾಂಪ್ ಹತ್ತಿ ಒಂದು ವ್ಯಾಗನ್‌ನಿಂದ ಇನ್ನೊಂದಕ್ಕೆ ಫಸ್ಟ್ ಗೇರಿನಲ್ಲೇ ಮೆಲ್ಲ ಹೋಗಬೇಕು. ಮೊದಲ ಸಲ ಕೈ ಬೆವರಿತ್ತು. ಗಾಡಿ ಬಿಗಿದು ಕಟ್ಟಿದ ಮೇಲೆ ನಮಗೆ ಕೆಲಸ ಇಲ್ಲ, ನಮ್ಮದೇ ಕ್ಯಾಬಿನ್ನಲ್ಲಿ ಕೂತು ಹೋಗುವುದು. ಉಡುಪಿ, ಕುಂದಾಪುರ ಕಳೆದದ್ದು ಗೊತ್ತು. ಹೊನ್ನಾವರದಲ್ಲಿ ಶರಾವತಿಯ ಉದ್ದ ಸೇತುವೆ, ಎರಡು ಕಿಲೋಮೀಟರಿಗೂ ಜಾಸ್ತಿ, ಗಡಗಡ ಸದ್ದು ಕೇಳ್ತಾ ಹಾಗೇ ಒರಗಿದೆ. ನಡುವೆ ಒಮ್ಮೆ ಎಚ್ಚರ ಆಯ್ತು. ಎದುರಿಗೆ ಬೆಳಕು, ಗಾಡಿ ಓಡ್ತಾ ಉಂಟು, ನನ್ನ ಕೈ ಸ್ಟೇರಿಂಗ್ ಮೇಲಿಲ್ಲ! ಬಲಗಾಲು ಅಡಿಗೆ ಹೋಗಿ ಬ್ರೇಕ್ ಹುಡುಕಿತು. ಯಾವುದೋ ಸ್ಟೇಷನ್ನಿನ ದೀಪ. ಹುಡುಗ ಪಕ್ಕದಲ್ಲಿ ಬಾಯಿ ತೆರೆದು ಮಲಗಿದ್ದ. ನಾನೂ ಮತ್ತೆ ಮಲಗಿದೆ.

ಹೋಗುವವರು ನೆನಪಿಡಿ. ಮೇಲೆ ಕರೆಂಟ್ ಲೈನ್ ಉಂಟು, 25,000 ವೋಲ್ಟ್. ಲೋಡ್ ಎತ್ತರ ಮೀರಿದ್ರೆ ಹತ್ತಿಸುವುದಿಲ್ಲ. ತಾಡಪಾಲು, ಹಗ್ಗ ಎಲ್ಲ ಕೆಳಗೇ ಬಿಗಿದುಕೊಳ್ಳಿ, ದಾರಿಯಲ್ಲಿ ಯಾವ ಕಾರಣಕ್ಕೂ ಲೋಡ್ ಮೇಲೆ ಹತ್ತಬೇಡಿ. ಊಟ, ನೀರು ಕಟ್ಟಿಕೊಳ್ಳಿ. ಹೆಚ್ಚಿನ ಕಡೆ ಒಂಟಿ ಹಳಿ, ಪ್ಯಾಸೆಂಜರ್ ಗಾಡಿಗಳಿಗೆ ದಾರಿ ಬಿಟ್ಟು ನಿಲ್ತದೆ. ಅರ್ಜೆಂಟ್ ಲೋಡಿಗೆ ಇದು ಆಗಲಿಕ್ಕಿಲ್ಲ. ಸೆಕೆಗಾಲದಲ್ಲಿ ಹಗಲು ಕ್ಯಾಬಿನ್ ಕಾಯ್ತದೆ, ಒಂದು ಬ್ಯಾಟರಿ ಫ್ಯಾನ್ ಇದ್ರೆ ಒಳ್ಳೆಯದು.

ಧಣಿಗಳಿಗೂ ಒಂದು ಮಾತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆ ಆಗುವ ಮೊದಲು ಅರ್ಧ ಗಂಟೆ ವಿಶ್ರಾಂತಿ ಅಂತ ಇತ್ತು. ನಾನು ಹದಿನಾರು ಗಂಟೆ ಓಡಿಸಿದ ದಿನಗಳು ಎಷ್ಟೋ. ಟ್ರಿಪ್ ಒಪ್ಪಿಸುವಾಗ ರೋರೋ ಕೂಡ ಒಮ್ಮೆ ಲೆಕ್ಕ ಹಾಕಿ ನೋಡಿ.

ಕೋಲಾಡ್‌ನಲ್ಲಿ ಇಳಿದು ಮನೆಗೆ, ಹೆಂಡತಿಗೆ ಫೋನ್ ಮಾಡಿದೆ. ರಸ್ತೆಯಲ್ಲಿ ಹೋಗುವಾಗ ರಾತ್ರಿ ಮೂರು ಗಂಟೆಗೆ ಅಲಾರಂ ಇಟ್ಟು ಎದ್ದು ನನಗೆ ಫೋನ್ ಮಾಡುವವಳು ಅವಳು. "ನಿನ್ನೆ ರಾತ್ರಿ ಮೂರು ಸಲ ಮಾಡಿದೆ, ಯಾಕೆ ಎತ್ತಲಿಲ್ಲ?" ಅಂತ ಕೇಳುವಾಗ ದನಿ ನಡುಗ್ತಿತ್ತು.

"ಮಲಗಿದ್ದೆ," ಅಂದೆ.

ಅವಳು ತುಂಬ ಹೊತ್ತು ಮಾತಾಡಲಿಲ್ಲ.