ಮಾನಸಿಕ ಆರೋಗ್ಯದ ಆ್ಯಪ್‌ನ ಪ್ರಶ್ನೆಗಳಿಗೆ ಉತ್ತರಿಸುವ ಮುನ್ನ

ಕೋವಿಡ್ ಕಾಲ ಕಳೆದರೂ ನಿದ್ದೆಗೇಡು, ಆತಂಕ, ಅಗಲಿಕೆಯ ದುಃಖ ಹಲವರನ್ನು ಬಿಟ್ಟಿಲ್ಲ. ಅಂಥವರು ಮೊಬೈಲ್‌ನಲ್ಲಿ ಸಿಗುವ ಮಾನಸಿಕ ಆರೋಗ್ಯದ ಆ್ಯಪ್‌ಗಳನ್ನು ನಂಬುವ ಮೊದಲು ಈ ಬರಹವನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಸಾಂಕ್ರಾಮಿಕದ ಮೊದಲ ವರ್ಷದಲ್ಲೇ ಆತಂಕ ಮತ್ತು ಖಿನ್ನತೆ ಜಗತ್ತಿನಾದ್ಯಂತ ಶೇ. 25ರಷ್ಟು ಹೆಚ್ಚಿದವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ತಿಳಿಸಿತ್ತು. ಆಪ್ತಸಮಾಲೋಚಕರ ಭೇಟಿಗೆ ವಾರಗಟ್ಟಲೆ ಕಾಯಬೇಕಾಗಿದ್ದಾಗ, ನಡುರಾತ್ರಿಯಲ್ಲೂ ಕೈಗೆಟುಕುವ ಆ್ಯಪ್ ನನಗೆ ದೊಡ್ಡ ಆಸರೆಯಾಗಿ ಕಂಡಿತ್ತು.

ಅದು ಮೊದಲಿಗೆ ಒಂಬತ್ತು ಪ್ರಶ್ನೆಗಳನ್ನು ಕೇಳಿತು. ಅದು ಖಿನ್ನತೆಯ ತೀವ್ರತೆಯನ್ನು ಅಳೆಯಲು ವೈದ್ಯರೂ ಬಳಸುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ. ಹಿಂದಿನ ಎರಡು ವಾರಗಳ ಮನಃಸ್ಥಿತಿಗೆ 0ರಿಂದ 27ರವರೆಗೆ ಅಂಕ ಕೊಡುತ್ತದೆ. ಪ್ರಶ್ನಾವಳಿಯಲ್ಲಿ ದೋಷವಿಲ್ಲ. ಆದರೆ ಅದರ ಒಂಬತ್ತನೆಯ ಪ್ರಶ್ನೆ, ಬದುಕಿರುವುದಕ್ಕಿಂತ ಸಾಯುವುದೇ ಮೇಲು ಎಂಬ ಯೋಚನೆಯಾಗಲಿ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯಾಗಲಿ ಬಂದಿದೆಯೇ ಎಂಬುದು. ಈ ಪ್ರಶ್ನೆಗೆ ‘ಇಲ್ಲ’ ಎಂಬುದನ್ನು ಬಿಟ್ಟು ಬೇರೆ ಯಾವ ಉತ್ತರ ಬಂದರೂ, ಒಟ್ಟು ಅಂಕ ಎಷ್ಟೇ ಕಡಿಮೆಯಿರಲಿ, ಎದುರಿಗಿರುವ ವೈದ್ಯರು ಅದನ್ನು ಬಿಡಿಸಿ ಕೇಳಬೇಕು. ನಾನು ‘ಕೆಲವು ದಿನ’ ಎಂದು ಗುರುತು ಹಾಕಿದೆ. ಆ್ಯಪ್ ಆ ಉತ್ತರವನ್ನೂ ಉಳಿದವುಗಳೊಂದಿಗೆ ಕೂಡಿಸಿ, ಖಿನ್ನತೆ ಮಧ್ಯಮ ಮಟ್ಟದಲ್ಲಿದೆ ಎಂದು ತೋರಿಸಿ, ಮರುಕ್ಷಣವೇ ವಾರ್ಷಿಕ ಚಂದಾದ ಪುಟವನ್ನು ತೆರೆಯಿತು. ಅಲ್ಲಿ ಸಹಾಯವಾಣಿಯ ಸಂಖ್ಯೆಯಾಗಲಿ, ಯಾರೊಂದಿಗಾದರೂ ಮಾತನಾಡಿ ಎಂಬ ಒಂದು ಸಾಲಾಗಲಿ ಇರಲಿಲ್ಲ. ಕೇಳಿಸಿಕೊಳ್ಳಲು ಯಾರೂ ಇಲ್ಲದ ಕಡೆ ಇಂಥ ಪ್ರಶ್ನೆಯನ್ನು ಕೇಳುವುದೇ ಅಪಾಯ ಎಂಬುದು ನನ್ನ ಖಚಿತ ಅಭಿಪ್ರಾಯ. ಉತ್ತರಿಸಿದವರಿಗೆ ತಮ್ಮ ಸಂಕಟವನ್ನು ಯಾರಿಗೋ ಹೇಳಿಯಾಯಿತು ಎಂಬ ಭಾವನೆ ಬರುತ್ತದೆ. ನಿಜದಲ್ಲಿ ಅದು ಯಾರಿಗೂ ತಲುಪಿರುವುದಿಲ್ಲ.

ಅದರೊಳಗಿನ ಚಾಟ್‌ಬಾಟ್ ನನ್ನ ದಣಿವು ಮತ್ತು ಎದೆಬಡಿತವನ್ನು ನಿರುತ್ಸಾಹ ಹಾಗೂ ಆತಂಕವೆಂದೇ ಪರಿಗಣಿಸಿ, ದಿನೇ ದಿನೇ ಹೆಚ್ಚು ವ್ಯಾಯಾಮ ಮಾಡುವಂತೆ ಒತ್ತಾಯಿಸುತ್ತಿತ್ತು. ಕೋವಿಡ್ ಬಂದು ಹೋದ ಮೇಲೆ ತಿಂಗಳುಗಟ್ಟಲೆ ಉಳಿಯುವ ದಣಿವು, ಉಸಿರಾಟದ ತೊಂದರೆ ಮತ್ತು ಮಂಕು ಕವಿದಂತಹ ಮರೆವನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಪ್ರತ್ಯೇಕ ಸ್ಥಿತಿಯಾಗಿ ವಿವರಿಸಿದೆ. ಇಂಥವರಲ್ಲಿ ಕೆಲವರಿಗೆ ಶ್ರಮ ಹೆಚ್ಚಿದಷ್ಟೂ ಬಳಲಿಕೆ ಹೆಚ್ಚುತ್ತದೆ. ನನ್ನ ಲಕ್ಷಣಗಳನ್ನು ಆ ದೃಷ್ಟಿಯಿಂದ ನೋಡಿದ್ದು ಮುಂದೆ ನನ್ನನ್ನು ಪರೀಕ್ಷಿಸಿದ ವೈದ್ಯರು ಮಾತ್ರ. ಯಂತ್ರದ ಸಲಹೆ ರೋಗಿಯ ಸ್ಥಿತಿಗೆ ನೇರ ವಿರುದ್ಧವಾಗಿರಬಹುದು ಎಂಬುದಕ್ಕೆ ಬೇರೆ ನಿದರ್ಶನವೂ ಇದೆ: 2023ರಲ್ಲಿ ಅಮೆರಿಕದಲ್ಲಿ ಆಹಾರ ಸೇವನೆಗೆ ಸಂಬಂಧಿಸಿದ ಮನೋರೋಗವಿರುವವರಿಗೆಂದು ಇದ್ದ ‘ಟೆಸ್ಸಾ’ ಎಂಬ ಚಾಟ್‌ಬಾಟ್, ತೂಕ ಇಳಿಸುವ ಸಲಹೆ ಕೊಡುತ್ತಿದೆ ಎಂಬ ದೂರಿನ ಮೇಲೆ ಸ್ಥಗಿತಗೊಂಡಿತು.

ಇನ್ನು ಗೋಪ್ಯತೆಯ ವಿಚಾರ. ವೈದ್ಯರನ್ನು ಕಟ್ಟಿಹಾಕುವ ಗೋಪ್ಯತೆಯ ನಿಯಮಗಳು ಇಂಥ ಹಲವು ಆ್ಯಪ್‌ಗಳಿಗೆ ಅನ್ವಯಿಸುವುದಿಲ್ಲ. ಬಳಕೆದಾರರ ಮಾಹಿತಿಯನ್ನು ಗುಟ್ಟಾಗಿಡುವುದಾಗಿ ಮಾತು ಕೊಟ್ಟು, ಅವರ ಇಮೇಲ್ ವಿಳಾಸ ಮತ್ತು ಪ್ರಶ್ನಾವಳಿಯ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮುಂತಾದ ಕಂಪನಿಗಳಿಗೆ ಕೊಟ್ಟ ಆರೋಪದ ಮೇಲೆ, ಆನ್‌ಲೈನ್ ಆಪ್ತಸಮಾಲೋಚನೆ ಒದಗಿಸುವ ‘ಬೆಟರ್‌ಹೆಲ್ಪ್’ ಕಂಪನಿಯು 78 ಲಕ್ಷ ಡಾಲರ್ ಪಾವತಿಸಬೇಕೆಂದು ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಆದೇಶಿಸಿತು. ಫಿನ್‌ಲ್ಯಾಂಡಿನಲ್ಲಿ ನಡೆದದ್ದು ಇನ್ನೂ ಘೋರ. ಅಲ್ಲಿನ ‘ವಾಸ್ತಾಮೊ’ ಎಂಬ ಮನೋಚಿಕಿತ್ಸಾ ಸಂಸ್ಥೆಯಿಂದ ಕದ್ದ ದಾಖಲೆಗಳನ್ನು ಮುಂದಿಟ್ಟುಕೊಂಡು, 2020ರಲ್ಲಿ ರೋಗಿಗಳನ್ನೇ ನೇರವಾಗಿ ಬೆದರಿಸಿ ಹಣ ಕೇಳಲಾಯಿತು. ಚಿಕಿತ್ಸಕರ ಮುಂದೆ ಅತ್ತು ಹೇಳಿಕೊಂಡ ಮಾತುಗಳು ಅಪರಿಚಿತರ ಕೈಯಲ್ಲಿ ಆಯುಧವಾದವು.

ಎಲ್ಲ ಆ್ಯಪ್‌ಗಳೂ ಕೆಟ್ಟವೆಂದು ನಾನು ಹೇಳುತ್ತಿಲ್ಲ. ಅಮೆರಿಕದ ನಿವೃತ್ತ ಸೈನಿಕರ ಇಲಾಖೆ ಆಘಾತದ ನಂತರ ಕಾಡುವ ಮಾನಸಿಕ ತೊಂದರೆ (ಪಿಟಿಎಸ್‌ಡಿ) ಇರುವವರಿಗಾಗಿ 2011ರಲ್ಲಿ ತಂದ ‘ಪಿಟಿಎಸ್‌ಡಿ ಕೋಚ್’ ಆ್ಯಪ್ ಉಚಿತವಾಗಿದೆ, ಖಾತೆ ತೆರೆಯುವುದನ್ನೂ ಕೇಳುವುದಿಲ್ಲ. ಉಸಿರಾಟದ ಅಭ್ಯಾಸಕ್ಕೆ, ನಿದ್ದೆಯ ದಿನಚರಿ ಬರೆದಿಡುವುದಕ್ಕೆ ಆ್ಯಪ್ ಸಾಕು. ಆದರೆ ಬದುಕು ಬೇಡವೆನ್ನುವ ಯೋಚನೆ ಒಮ್ಮೆ ಸುಳಿದರೂ ದಯವಿಟ್ಟು ಅದನ್ನು ಪರದೆಗೆ ಹೇಳಿ ಸುಮ್ಮನಾಗಬೇಡಿ. ಆ ದಿನವೇ ವೈದ್ಯರಿಗೋ, ಸಹಾಯವಾಣಿಗೋ, ಹತ್ತಿರದವರಿಗೋ ಹೇಳಿ.

ಈಗಾಗಲೇ ಇಂಥ ಆ್ಯಪ್ ಬಳಸಿ ಕೈಬಿಡುವವರಿದ್ದರೆ ಇನ್ನೊಂದು ಮಾತು: ಫೋನಿನಿಂದ ಅದನ್ನು ತೆಗೆದುಹಾಕಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ, ನೀವು ಬರೆದದ್ದು ಅಳಿಯುವುದೂ ಇಲ್ಲ. ಆ್ಯಪ್ ಸ್ಟೋರಿನ ಚಂದಾ ವಿಭಾಗಕ್ಕೆ ಹೋಗಿ ಪಾವತಿಯನ್ನು ರದ್ದು ಮಾಡಿ, ಆ್ಯಪ್‌ನೊಳಗಿನ ಖಾತೆ ಅಳಿಸುವ ಆಯ್ಕೆಯನ್ನು ಬಳಸಿ, ಮಾಹಿತಿಯನ್ನು ಅಳಿಸಿದ್ದಕ್ಕೆ ಲಿಖಿತ ಉತ್ತರವನ್ನು ಪಡೆದುಕೊಂಡ ನಂತರವೇ ಅದನ್ನು ಫೋನಿನಿಂದ ತೆಗೆಯಿರಿ.