ಚೈನ್ ಸಾ ಸ್ಟಾರ್ಟ್ ಆಗಿ ಬಂದ್ ಬೀಳುತ್ತಿದೆಯಾ? ಬರೀ ಸ್ಕ್ರೂ ತಿರುಗಿಸಿ ಕೊಟ್ಟರೆ ತರಬೇಡಿ

ಮನೆಯಲ್ಲಿ ಚೈನ್ ಸಾ ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಶೀನು ಸ್ಟಾರ್ಟ್ ಆಗುತ್ತದೆ, ಆದರೆ ಬಂದ್ ಬೀಳುತ್ತದೆ ಅಂತ ರಿಪೇರಿಗೆ ಒಯ್ದಾಗ, ಮೆಕ್ಯಾನಿಕ್ ಏನನ್ನೂ ಬಿಚ್ಚದೆ ಕಾರ್ಬೋರೇಟರ್ ಸ್ಕ್ರೂ ತಿರುಗಿಸಿ ‘ಆಯ್ತು’ ಅಂದರೆ ನಂಬಬೇಡಿ. ನಮ್ಮ ಕಾಕಾನ ಕಾಲು ಉಳಿದದ್ದೇ ಪುಣ್ಯ.

ನಮ್ಮ ಹೊಲ ಖಾನಾಪುರ ಕಡೆ. ಅಲ್ಲಿಯ ಮಳೆಗಾಲ ಗೊತ್ತಲ್ವಾ, ಗಾಳಿ ಬೀಸಿದರೆ ಮರ ದಾರಿಗೆ ಅಡ್ಡ ಬಿದ್ದಿರುತ್ತದೆ. ಹಾಗೆ ಬಿದ್ದ ಅಕೇಶಿಯಾ ಕೊಯ್ಯಲು ಮಶೀನು ತೆಗೆದರೆ, ಹಗ್ಗ ಎಳೆದ ಕೂಡಲೇ ಸ್ಟಾರ್ಟ್, ರೇಸ್ ಬಿಟ್ಟ ಕೂಡಲೇ ಬಂದ್. ಒಂದು ಬದಿಗೆ ವಾಲಿಸಿದರೆ ಇನ್ನೂ ಬೇಗ ಬಂದ್.

ಬೆಳಗಾವಿಯ ಒಂದು ಅಂಗಡಿಗೆ ಒಯ್ದೆವು. ವಾಲಿಸಿದರೆ ನಿಲ್ಲುತ್ತದೆ ಅಂತಲೂ ಹೇಳಿದೆವು. ಆತ ಟ್ಯಾಂಕಿನ ಮುಚ್ಚಳ ಕೂಡ ತೆಗೆಯಲಿಲ್ಲ. ‘ಏನಿಲ್ರೀ ಕಾಕಾ, ಸ್ಲೋ ಕಡಿಮಿ ಆಗೇತಿ’ ಅಂತ ಐಡ್ಲಿಂಗ್ ಸ್ಕ್ರೂ, ಅಂದರೆ ರೇಸ್ ಕೊಡದಿದ್ದಾಗ ಎಂಜಿನ್ ಎಷ್ಟು ವೇಗದಲ್ಲಿ ಓಡಬೇಕು ಅಂತ ಹೊಂದಿಸುವ ಸ್ಕ್ರೂ, ಏರಿಸಿದ. ಮಶೀನು ನಿಲ್ಲದೆ ಓಡಿತು. ದುಡ್ಡು ತಗೊಂಡ.

ಇಲ್ಲಿಯೇ ಇರುವುದು ಅಪಾಯ. ಚೈನ್ ಸಾ ಒಳಗಿನ ಕ್ಲಚ್ ಎಂಜಿನ್ ವೇಗ ಏರಿದಾಗ ತಾನಾಗಿಯೇ ಹಿಡಿದುಕೊಂಡು ಚೈನ್ ತಿರುಗಿಸುತ್ತದೆ. ಐಡ್ಲಿಂಗ್‌ನಲ್ಲಿ ಎಂಜಿನ್ ಸಾಮಾನ್ಯವಾಗಿ ನಿಮಿಷಕ್ಕೆ 3,000 ಸುತ್ತಿನ ಆಸುಪಾಸು ಇರುತ್ತದೆ, ಆಗ ಕ್ಲಚ್ ಹಿಡಿಯಬಾರದು, ಚೈನ್ ತಿರುಗಬಾರದು. ಸ್ಕ್ರೂ ಮಿತಿ ಮೀರಿ ಏರಿಸಿದರೆ ರೇಸ್ ಬಿಟ್ಟರೂ ಚೈನ್ ತಿರುಗುತ್ತಲೇ ಇರುತ್ತದೆ. ಕಾಕಾ ಒಂದು ಟೊಂಗೆ ಕೊಯ್ದು, ರೇಸ್ ಬಿಟ್ಟು, ಇನ್ನೊಂದರ ಕಡೆ ಹೆಜ್ಜೆ ಹಾಕಿದರು. ಕೆಳಗೆ ಇಳಿಬಿಟ್ಟ ಮಶೀನಿನ ಚೈನ್ ಮೊಣಕಾಲ ಹತ್ತಿರ ಪ್ಯಾಂಟನ್ನು ಹರಿದು ಹಾಕಿತು. ಚರ್ಮಕ್ಕೆ ತಾಗಲಿಲ್ಲ.

ವಾಪಸ್ ಒಯ್ದು ಜಗಳ ಮಾಡಿದಾಗ ಐಡ್ಲಿಂಗ್ ಇಳಿಸಿದ. ಬದಲಿಗೆ ‘ಎಚ್’ ಸ್ಕ್ರೂ, ಅಂದರೆ ಜೋರು ರೇಸಿನಲ್ಲಿ ಎಷ್ಟು ಪೆಟ್ರೋಲ್ ಹೋಗಬೇಕು ಅಂತ ಹೊಂದಿಸುವ ಸ್ಕ್ರೂ, ಬಿಗಿ ಮಾಡಿದ. ‘ಸೌಂಡ್ ನೋಡ್ರೀ, ಹೆಂಗ ಹೊಡೀತೇತಿ!’ ಸೌಂಡ್ ಜೋರಾಗಿಯೇ ಇತ್ತು, ಯಾಕೆಂದರೆ ಆ ಸ್ಕ್ರೂ ಬಿಗಿ ಮಾಡಿದರೆ ಪೆಟ್ರೋಲ್ ಕಡಿಮೆ ಆಗಿ ಎಂಜಿನ್ ಚೀರುತ್ತದೆ. ಟು-ಸ್ಟ್ರೋಕ್ ಎಂಜಿನ್‌ಗೆ ಆಯಿಲ್ ಬರುವುದು ಪೆಟ್ರೋಲ್ ಜೊತೆಯಲ್ಲೇ. ಪೆಟ್ರೋಲ್ ಕಡಿಮೆ ಆದರೆ ಆಯಿಲ್ ಕೂಡ ಕಡಿಮೆ. ಅದೇ ಮಧ್ಯಾಹ್ನ ಎಂಜಿನ್ ಸೀಜ್ ಆಯಿತು.

ಬೇರೆ ಮೆಕ್ಯಾನಿಕ್ ಬಿಚ್ಚಿ ತೋರಿಸಿದಾಗ ಹೊಟ್ಟೆ ಉರಿಯಿತು. ಟ್ಯಾಂಕಿನಿಂದ ಕಾರ್ಬೋರೇಟರ್‌ಗೆ ಹೋಗುವ ರಬ್ಬರ್ ಪೈಪು ಬಿರುಕು ಬಿಟ್ಟು ಗಾಳಿ ಎಳೆಯುತ್ತಿತ್ತು. ಅಷ್ಟೇ ಕಾಯಿಲೆ. ಪಿಸ್ಟನ್ ಮೇಲೆ ಉದ್ದುದ್ದ ಗೀರು ಬಿದ್ದು, ಸಿಲಿಂಡರ್ ಸಮೇತ ಬದಲಿಸಬೇಕಾಯಿತು.

ಆದ್ದರಿಂದ ಸ್ಕ್ರೂಗೆ ಕೈ ಹಾಕುವ ಮೊದಲು ಇವನ್ನು ನೋಡಿ, ಇಲ್ಲವೇ ಎದುರಿಗೆ ನಿಂತು ನೋಡಿಸಿ. ಟ್ಯಾಂಕಿನೊಳಗಿನ ಫಿಲ್ಟರ್ ಕಟ್ಟಿದೆಯಾ? ಬಾಗಿಸಿದ ತಂತಿಯಿಂದ ಹೊರಗೆ ಎಳೆಯಬಹುದು. ಪೈಪು ಮಡಚಿ ನೋಡಿದರೆ ಬಿರುಕು ಕಾಣುತ್ತದೆ. ಸ್ವಲ್ಪ ಹೊತ್ತು ಚೆನ್ನಾಗಿ ಓಡಿ ನಿಲ್ಲುತ್ತಿದ್ದರೆ, ಮಶೀನು ತಣ್ಣಗಾದ ಮೇಲೆ ಮುಚ್ಚಳ ನಿಧಾನಕ್ಕೆ ತಿರುವಿ. ಸುಂಯ್ ಅಂತ ಗಾಳಿ ಒಳಗೆ ಹೋದರೆ ಟ್ಯಾಂಕಿನ ಗಾಳಿ ತೂತು ಮುಚ್ಚಿದೆ ಅಂತ ಅರ್ಥ. ಏರ್ ಫಿಲ್ಟರ್, ಸೈಲೆನ್ಸರ್ ಬಾಯಿಯ ಜಾಳಿಗೆಯ ಮಸಿ, ಇವೂ ಉಸಿರು ಕಟ್ಟಿಸುತ್ತವೆ.

ಪೆಟ್ರೋಲ್ ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ಈಗ ಬಂಕ್‌ನಲ್ಲಿ ಸಿಗುವುದರಲ್ಲಿ 20% ವರೆಗೆ ಎಥನಾಲ್ ಇರುತ್ತದೆ. ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳೂ ಅದನ್ನು ತಯಾರಿಸುತ್ತವೆ. ಅದು ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪು, ಕಾರ್ಬೋರೇಟರ್ ಒಳಗಿನ ತೆಳು ಪೊರೆ (ಡಯಾಫ್ರಮ್) ಎರಡನ್ನೂ ಕೆಡಿಸುತ್ತದೆ. ಆಯಿಲ್ ಬೆರೆಸಿದ ಪೆಟ್ರೋಲ್ ತಿಂಗಳಿಗಿಂತ ಹಳೆಯದಾದರೆ ಹಾಕಬೇಡಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ ಇಡಿ. 50:1 ಅಂತ ಬರೆದಿರುವ ಮಶೀನಿಗೆ ಲೀಟರಿಗೆ 20 ಮಿಲಿ ಆಯಿಲ್, 25:1 ಇದ್ದರೆ 40 ಮಿಲಿ.

ರಿಪೇರಿ ಆದ ಮೇಲೆ ಅಂಗಡಿಯಲ್ಲೇ ಮಶೀನನ್ನು ನೆಲದ ಮೇಲಿಟ್ಟು ಸ್ಟಾರ್ಟ್ ಮಾಡಿಸಿ. ಚೈನ್ ಬ್ರೇಕ್ ಬಿಡಿಸಿ, ರೇಸ್ ಬಿಟ್ಟು, ಚೈನ್ ಅಲುಗದೆ ನಿಂತಿದೆಯಾ ನೋಡಿ. ಆಮೇಲೆ ಮೆಕ್ಯಾನಿಕ್ ಕೈಯಲ್ಲೇ ಎಡಕ್ಕೆ, ಬಲಕ್ಕೆ, ಮೂತಿ ಕೆಳಗೆ ಮಾಡಿ ವಾಲಿಸಲು ಹೇಳಿ. ಬಂದ್ ಬಿದ್ದರೂ, ತಾನಾಗಿ ರೇಸ್ ಏರಿದರೂ ದುಡ್ಡು ಕೊಡಬೇಡಿ, ಪೈಪು ಬಿಚ್ಚಿ ತೋರಿಸು ಅನ್ನಿ.