ಬೀಮಿಶ್‌ನ ಅಂಗಡಿ ಬೀದಿ: ಬುಧವಾರ ಮಧ್ಯಾಹ್ನವೂ ಬಾಗಿಲು ತೆರೆದಿತ್ತು

ಇಂಗ್ಲೆಂಡಿನ ಈಶಾನ್ಯದ ಸಂಡರ್ಲೆಂಡ್‌ನಲ್ಲಿ ಬೆಳೆದವರಿಗೆ ಬೀಮಿಶ್ ಮ್ಯೂಸಿಯಂ, ಅಂದರೆ ಹಳೆಯ ಕಾಲದ ಬೀದಿ, ಅಂಗಡಿಗಳನ್ನು ಬಯಲಿನಲ್ಲಿ ಹಾಗೇ ಕಟ್ಟಿಟ್ಟ ಜಾಗ, ಪಕ್ಕದ ಮನೆ ಇದ್ದ ಹಾಗೆ. ಯಾವಾಗ ಬೇಕಾದರೂ ಹೋಗಬಹುದಲ್ಲ ಅಂದುಕೊಂಡೇ ಹೋಗದೆ ಉಳಿದುಬಿಡುತ್ತೇವೆ. ನಾನು ಹಾಗೇ ಮೂವತ್ತು ವರ್ಷ ಕಳೆದೆ. ಕೊನೆಗೆ ಹೋದ ತಿಂಗಳು ಒಂದು ಬುಧವಾರ ಮೊಮ್ಮಗಳನ್ನು ಕರೆದುಕೊಂಡು ಹೋಗಿಬಂದೆ. ಬಂದ ಮೇಲೆ ಎರಡು ದಿನ ಬರೀ ಅಂಗಡಿಗಳದೇ ಧ್ಯಾನ. ಅದಕ್ಕೇ ಈ ವಿಮರ್ಶೆ.

ಮೊದಲೇ ಹೇಳಿಬಿಡುತ್ತೇನೆ, ಅಲ್ಲಿ 350 ಎಕರೆ ಜಾಗ ಇದೆ, ಕಲ್ಲಿದ್ದಲ ಗಣಿ ಇದೆ, ಹಳೆಯ ಫಾರ್ಮ್ ಇದೆ, ಟ್ರಾಮ್ ಓಡುತ್ತದೆ. ಎಲ್ಲವೂ ಚೆನ್ನಾಗಿದೆ. ಅದರ ಬಗ್ಗೆ ಬೇರೆಯವರು ಬರೆದಿದ್ದಾರೆ. ನಾನು ಹೋಗಿದ್ದು ಅಂಗಡಿ ನೋಡೋಕೆ, ಹೇಳುವುದೂ ಅಂಗಡಿಯ ಮಾತೇ.

ಈ ಮ್ಯೂಸಿಯಂ ಕಟ್ಟಿದವರು ಫ್ರ್ಯಾಂಕ್ ಅಟ್ಕಿನ್ಸನ್. ಜನ ಏನು ಕೊಟ್ಟರೂ ಬೇಡ ಅನ್ನದೆ ತೆಗೆದುಕೊಳ್ಳುವುದು ಅವರ ಪದ್ಧತಿ. ಬೇರೆ ಮ್ಯೂಸಿಯಂನವರು ಕಸ ಅನ್ನುತ್ತಿದ್ದ ಸಾಮಾನನ್ನೂ ಬಿಡಲಿಲ್ಲ. ಹಾಗೆ ಬಂದ ಸಾಮಾನು ಇಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೂತಿಲ್ಲ, ಕಪಾಟಿನಲ್ಲೇ ಇದೆ. ಕೋಆಪ್, ಅಂದರೆ ಗ್ರಾಹಕರೇ ಸದಸ್ಯರಾಗಿರುವ ಸಹಕಾರಿ ಅಂಗಡಿಯಂತೂ ಕಟ್ಟಡಕ್ಕೆ ಕಟ್ಟಡವೇ ಅಲ್ಲೇ ಹತ್ತಿರದ ಆನ್‌ಫೀಲ್ಡ್ ಪ್ಲೇನ್ ಅನ್ನುವ ಊರಿನಿಂದ ಬಂದಿದ್ದು.

ಒಳಗೆ ಕಾಲಿಟ್ಟ ಕೂಡಲೇ ಮೊಮ್ಮಗಳು ಮೇಲೆ ನೋಡಿದಳು. ತಲೆಯ ಮೇಲೆ ಇಳಿಜಾರಿನ ಹಳಿ, ಅದರ ಮೇಲೆ ಮರದ ಚೆಂಡು ಉರುಳಿಕೊಂಡು ಹೋಗುತ್ತದೆ. ಚೆಂಡಿನ ಹೊಟ್ಟೆಯೊಳಗೆ ದುಡ್ಡು. ಕೌಂಟರ್‌ನಲ್ಲಿ ನೀವು ಕೊಟ್ಟ ಹಣ ಮತ್ತು ಚೀಟಿ ಚೆಂಡಿನಲ್ಲಿ ಕೂತು ಕ್ಯಾಷಿಯರ್ ಹತ್ತಿರ ಹೋಗುತ್ತದೆ, ಚಿಲ್ಲರೆ ಇನ್ನೊಂದು ಚೆಂಡಿನಲ್ಲಿ ವಾಪಸ್ ಬರುತ್ತದೆ. ಲ್ಯಾಮ್ಸನ್ ಕಂಪನಿಯ ವ್ಯವಸ್ಥೆ ಇದು. ಕೋಆಪ್‌ಗೆ ಇದು ಬರೀ ಆಟ ಆಗಿರಲಿಲ್ಲ. ಯಾರು ಎಷ್ಟಕ್ಕೆ ಸಾಮಾನು ಕೊಂಡರು ಅಂತ ಒಂದೇ ಕಡೆ ಬರೆದಿಡಬೇಕಿತ್ತು, ಯಾಕೆಂದರೆ ಲಾಭದಲ್ಲಿ ಪಾಲು ಕೊಡಬೇಕಿತ್ತಲ್ಲ. 1844ರಲ್ಲಿ ರಾಚ್‌ಡೇಲ್‌ನ ನೇಕಾರರು ಮತ್ತು ಇತರ ಕೆಲಸಗಾರರು ಅಂಗಡಿ ಶುರು ಮಾಡಿದಾಗ ತಂದ ಪದ್ಧತಿ ಅದು: ಕೊಂಡಷ್ಟಕ್ಕೆ ಲೆಕ್ಕ ಹಾಕಿ ಪಾಲು. ಆ ಪಾಲಿಗೆ, ಅಂದರೆ ಡಿವಿಡೆಂಡ್‌ಗೆ, ಜನ ಡಿವಿ ಅನ್ನುತ್ತಿದ್ದರು. ಪ್ರತಿ ಸದಸ್ಯರಿಗೂ ಅದರ ಲೆಕ್ಕಕ್ಕೆ ಒಂದು ನಂಬರ್.

ಡಿವಿ ನಂಬರ್ ಗೊತ್ತಿಲ್ಲದ ಮಗು ನಮ್ಮ ಬೀದಿಯಲ್ಲಿ ಇರಲಿಲ್ಲ. ನಮ್ಮಪ್ಪ ಡಾಕ್ಟರ್, ಮೈಸೂರಿನಿಂದ ಬಂದವರು, ನಾವು ಬಂದು ಸೇರಿದ್ದು 1965ರಲ್ಲಿ, ನನಗೆ ಆಗ ಐದು ವರ್ಷ. ಪಕ್ಕದ ಮನೆಯ ಅಜ್ಜಿಗೆ ಮಂಡಿನೋವು, ಹಾಗಾಗಿ ಬ್ರೆಡ್ಡು, ಬೆಣ್ಣೆ ತರೋಕೆ ನನ್ನನ್ನೇ ಕಳಿಸುತ್ತಿದ್ದರು. ಅವರ ನಂಬರ್ ಹೇಳದೆ ಬಂದರೆ ಪಾಲು ಹೋಯಿತು ಅಂತಲೇ ಲೆಕ್ಕ. ನಾಲ್ಕಂಕಿಯ ಆ ನಂಬರನ್ನು ದಾರಿಯುದ್ದಕ್ಕೂ ಮಗ್ಗಿ ಹೇಳಿದ ಹಾಗೆ ಹೇಳಿಕೊಂಡು ಹೋಗುತ್ತಿದ್ದೆ. ನನ್ನ ಇಂಗ್ಲಿಷ್ ಶುರುವಾಗಿದ್ದೇ ಆ ನಂಬರಿನಿಂದ. ಇವತ್ತಿಗೂ ಬಾಯಿಪಾಠ. ಇಲ್ಲಿ ಬರೆಯುವುದಿಲ್ಲ, ನನ್ನ ಫೋನಿನ ಪಾಸ್‌ವರ್ಡ್ ಅದೇ.

ಮುಂದೆ ಮಿಠಾಯಿ ಅಂಗಡಿ. ಹೆಸರು ಜುಬಿಲಿ ಕನ್ಫೆಕ್ಷನರ್ಸ್. ಮುಂದೆ ಮಾರಾಟ, ಹಿಂದೆ ತಯಾರಿ, ಕಣ್ಣೆದುರೇ ಸಕ್ಕರೆ ಪಾಕ ಕಾಯಿಸಿ ಮಿಠಾಯಿ ಮಾಡುತ್ತಾರೆ. ಬಾಗಿಲಲ್ಲಿ ನಿಂತರೆ ಸಾಕು, ಸುಟ್ಟ ಸಕ್ಕರೆಯ ವಾಸನೆ ಸೀದಾ ತಲೆಗೆ ಏರುತ್ತದೆ. ಸಿಂಡರ್ ಟಾಫಿ ತಪ್ಪದೆ ಕೊಳ್ಳಿ. ಜೇನುಗೂಡಿನ ಹಾಗೆ ತೂತು ತೂತು, ಬಾಯಿಗೆ ಹಾಕಿದರೆ ಕರಗುತ್ತದೆ, ಹಲ್ಲಿಗೆ ಮಾತ್ರ ಅಂಟಿಕೊಂಡೇ ಇರುತ್ತದೆ. ನನ್ನ ವಯಸ್ಸಿನವರು ಹುಷಾರಾಗಿರಿ.

ನಮ್ಮ ಕಾಲಕ್ಕೆ ಮಿಠಾಯಿ ಅಂದರೆ ಗೋಡೆ ತುಂಬ ಗಾಜಿನ ಜಾಡಿ. ಪೇರ್ ಡ್ರಾಪ್, ಹಂಬಗ್, ರೂಬಾರ್ಬ್ ಅಂಡ್ ಕಸ್ಟರ್ಡ್. ಒಂದು ಕ್ವಾರ್ಟರ್ ಕೊಡಿ ಅನ್ನಬೇಕು, ಅಂದರೆ ಕಾಲು ಪೌಂಡ್, ಸುಮಾರು 113 ಗ್ರಾಂ. ಅಂಗಡಿಯಾಕೆ ತಕ್ಕಡಿಗೆ ಸುರಿಯುವಾಗ ಮುಳ್ಳು ನಡುಗುತ್ತಾ ನಿಲ್ಲುತ್ತಿತ್ತು. ಕೊನೆಯ ಒಂದು ಮಿಠಾಯಿ ಹಾಕುತ್ತಾರಾ, ತೆಗೆಯುತ್ತಾರಾ? ಅದರ ಮೇಲೆ ಅವರು ಒಳ್ಳೆಯವರೋ ಅಲ್ಲವೋ ಅಂತ ಇಡೀ ಶಾಲೆ ತೀರ್ಮಾನ ಮಾಡುತ್ತಿತ್ತು. ಅಷ್ಟು ಕಾಸಿಲ್ಲದವರಿಗೆ ಬ್ಲ್ಯಾಕ್ ಜ್ಯಾಕ್, ಹಳೆಯ ಒಂದು ಪೆನ್ನಿಗೆ ನಾಲ್ಕು. ತಿಂದರೆ ನಾಲಿಗೆ ಕಪ್ಪಗೆ, ಮನೆಯಲ್ಲಿ ಸುಳ್ಳು ಹೇಳುವ ಹಾಗೇ ಇಲ್ಲ.

ನಮಗಿಂತ ದೊಡ್ಡವರು ಇದನ್ನೆಲ್ಲ ಕೇಳಿ ನಗುತ್ತಿದ್ದರು. ಅವರ ಬಾಲ್ಯದಲ್ಲಿ ಮಿಠಾಯಿಗೂ ರೇಷನ್, ಅದು ಮುಗಿದಿದ್ದು 1953ರ ಫೆಬ್ರವರಿಯಲ್ಲಿ. ಯುದ್ಧ ಮುಗಿದ ಎಂಟು ವರ್ಷಕ್ಕೆ!

ದುಡ್ಡಿನ ಮಾತು ಬಂತಲ್ಲ. ಹನ್ನೆರಡು ಪೆನ್ನಿಗೆ ಒಂದು ಶಿಲಿಂಗ್, ಇಪ್ಪತ್ತು ಶಿಲಿಂಗ್‌ಗೆ ಒಂದು ಪೌಂಡ್, ಒಟ್ಟು 240 ಪೆನ್ನಿ. ಮೊಮ್ಮಗಳಿಗೆ ವಿವರಿಸಿದೆ, ಸುಮ್ನೆ ತಮಾಷೆ ಮಾಡುತ್ತಿದ್ದೀಯ ಅಂದಳು. ನಮ್ಮಮ್ಮನಿಗೆ ಮಾತ್ರ ಇದು ಕಷ್ಟವೇ ಆಗಲಿಲ್ಲ. ಹನ್ನೆರಡು ಪೈಗೆ ಒಂದಾಣೆ, ಹದಿನಾರಾಣೆಗೆ ರೂಪಾಯಿ ಅಂತ ಎಣಿಸಿ ಬೆಳೆದವಳು. ಅದು ಹೋಗಿ 1957ರಲ್ಲಿ ನಯಾಪೈಸೆ ಬಂದಿದ್ದನ್ನೂ ನೋಡಿದ್ದಳು. ಹಾಗಾಗಿ 1971ರ ಫೆಬ್ರವರಿ 15ಕ್ಕೆ ಬ್ರಿಟನ್ನಿನಲ್ಲಿ ನೂರು ಪೆನ್ನಿಯ ಪೌಂಡ್ ಬಂದು ಬೀದಿಗೆ ಬೀದಿಯೇ ಗಾಬರಿಯಾದಾಗ ಅಮ್ಮ ಒಬ್ಬಳೇ ಆರಾಮಾಗಿ ಇದ್ದಳು. ಪಕ್ಕದ ಮನೆಯ ಅಜ್ಜಿ ಪರ್ಸು ಹಿಡಿದುಕೊಂಡು ನಮ್ಮ ಅಡುಗೆಮನೆಗೆ ಬಂದು, ಪೆಟ್ (ಅಲ್ಲಿಯವರು ಪ್ರೀತಿಯಿಂದ ಕರೆಯುವ ಮಾತು), ಇದರಲ್ಲಿ ಎಷ್ಟಿದೆ ಹೇಳು ಅಂತ ಕೇಳಿದ್ದು ನೆನಪಿದೆ. ನನಗೆ ಬೇಜಾರಾಗಿದ್ದು ಹನ್ನೆರಡು ಮೂಲೆಯ ಹಳದಿ ಮೂರು ಪೆನ್ನಿ ನಾಣ್ಯ ಹೋಗಿದ್ದಕ್ಕೆ. ಸಿಕ್ಸ್‌ಪೆನ್ಸ್ ಮಾತ್ರ 1980ರವರೆಗೂ ಎರಡೂವರೆ ಪೆನ್ನಿ ಅಂತ ಚಲಾವಣೆಯಲ್ಲಿ ಉಳಿಯಿತು.

ಮಧ್ಯಾಹ್ನ ಊಟಕ್ಕೆ ಮ್ಯೂಸಿಯಂನೊಳಗಿನ ಗಣಿ ಹಳ್ಳಿಯಲ್ಲಿರುವ ಡೇವೀಸ್ ಅನ್ನುವ ಮೀನು–ಚಿಪ್ಸ್ ಅಂಗಡಿ. ಕಲ್ಲಿದ್ದಲ ಒಲೆ, ಹಳೆಯ ಪದ್ಧತಿಯಂತೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಸಸ್ಯಾಹಾರಿಗಳೇ, ಇದನ್ನು ಇನ್ನೊಮ್ಮೆ ಓದಿಕೊಳ್ಳಿ. ಚಿಪ್ಸ್ ಕೂಡ ಅದರಲ್ಲೇ. ನಮ್ಮ ಮನೆಯಲ್ಲಿ ಮೊಟ್ಟೆಯೂ ಇರಲಿಲ್ಲ. ಆದರೆ ಪ್ರತಿ ಶುಕ್ರವಾರ ಮೂಲೆಯಂಗಡಿಯಿಂದ ನ್ಯೂಸ್‌ಪೇಪರ್‌ನಲ್ಲಿ ಸುತ್ತಿದ ಚಿಪ್ಸ್ ಬರುತ್ತಿತ್ತು. ಆಲೂಗಡ್ಡೆ ತಾನೇ, ಏನಾಗುತ್ತದೆ ಅಂತ. ಮೇಲೆ ಅಮ್ಮ ಮೆಣಸಿನಪುಡಿ ಉದುರಿಸುತ್ತಿದ್ದಳು. ಮೂರು ವರ್ಷ ಆದ ಮೇಲೆ ಯಾರೋ ಕೊಬ್ಬಿನ ವಿಷಯ ಹೇಳಿದರು. ಅಮ್ಮ ಆ ರಾತ್ರಿ ಊಟ ಮಾಡಲಿಲ್ಲ. ಅಪ್ಪ ಏನೂ ಮಾತಾಡಲಿಲ್ಲ, ನನ್ನ ಅನುಮಾನ ಏನೆಂದರೆ ಅವರಿಗೆ ಮೊದಲೇ ಗೊತ್ತಿತ್ತು.

ನಾನು ಡೇವೀಸ್‌ನಲ್ಲಿ ತಿಂದೆನೋ ಇಲ್ಲವೋ ಅಂತ ಕೇಳಬೇಡಿ. ರುಚಿ ಚೆನ್ನಾಗಿತ್ತು.

1950ರ ದಶಕದ ಬೀದಿ ಈಚೆಗೆ ಸೇರಿಸಿದ್ದು. ವಿಂಗೇಟ್ ಊರಿನ ಜಾನ್ಸ್ ಕೆಫೆಯ ನಕಲು, ಒಂದು ಆಟಿಕೆ ಅಂಗಡಿ, ರೇಡಿಯೋ–ಟಿವಿ ಅಂಗಡಿ, ಹೆಂಗಸರ ಕೂದಲು ಕತ್ತರಿಸುವ ಅಂಗಡಿ. ನಮ್ಮ ಸಂಡರ್ಲೆಂಡ್‌ನ ರೈಹೋಪ್‌ನಲ್ಲಿದ್ದ ಸಿನಿಮಾ ಮಂದಿರವೂ ಈಗ ಇಲ್ಲೇ ಇದೆ. ಮೊಮ್ಮಗಳನ್ನು ಆಟಿಕೆ ಅಂಗಡಿಯಿಂದ ಹೊರಗೆ ತರೋಕೆ ಅರ್ಧ ಗಂಟೆ ಬೇಕಾಯಿತು. 2025ರಲ್ಲಿ ಬೀಮಿಶ್‌ಗೆ ವರ್ಷದ ಮ್ಯೂಸಿಯಂ ಪ್ರಶಸ್ತಿ ಬಂತು, ಈ ಬೀದಿಯಲ್ಲಿ ಓಡಾಡಿದರೆ ಯಾಕೆ ಅಂತ ಗೊತ್ತಾಗುತ್ತದೆ.

ಆದರೆ ನನ್ನ ಬೀದಿ ಶುರುವಾಗುವುದೇ ಇದು ಮುಗಿದ ಮೇಲೆ. ಬೀಮಿಶ್‌ನ ಕಾಲ 1950ರ ದಶಕಕ್ಕೆ ನಿಲ್ಲುತ್ತದೆ. ಅದು ಅವರ ತಪ್ಪಲ್ಲ, ನಾನು ಹುಟ್ಟಿದ್ದು ತಡ ಅಷ್ಟೇ. ಇಲ್ಲಿ ಕೌಂಟರ್ ಹಿಂದಿನ ಎಲ್ಲರೂ ನಗುತ್ತಾರೆ, ಎಲ್ಲರನ್ನೂ ಮಾತಾಡಿಸುತ್ತಾರೆ. ನಮ್ಮ ಬೀದಿಯ ಒಬ್ಬ ದಿನಸಿ ಅಂಗಡಿಯವನಿಗೆ ಅಮ್ಮ ಕಾಣಿಸುತ್ತಲೇ ಇರಲಿಲ್ಲ. ಸೀರೆಯ ಮೇಲೆ ಕೋಟು ಹಾಕಿಕೊಂಡು ಕೌಂಟರ್ ಮುಂದೆ ನಿಂತಿದ್ದರೂ ಅವಳ ತಲೆ ಮೇಲಿನಿಂದ ಹಿಂದಿನವರನ್ನು ನೋಡಿ, ನಿಮಗೇನು ಬೇಕು ಅನ್ನುತ್ತಿದ್ದ. ಆಗ ಬೇಕಾದ್ದನ್ನು ಬುಟ್ಟಿಗೆ ಹಾಕಿಕೊಂಡು ಬರುವ ಅಂಗಡಿ ನಮ್ಮಲ್ಲಿ ಇರಲಿಲ್ಲ, ಎಲ್ಲ ಕೇಳಿಯೇ ಪಡೆಯಬೇಕು. ಕೇಳೋಕೆ ಮೊದಲು ಅವನು ನೋಡಬೇಕಲ್ಲ? ಒಂದು ದಿನ ಪಕ್ಕದ ಮನೆಯ ಅಜ್ಜಿ ಕೋಲೂರಿಕೊಂಡು ಹಿಂದೆಯೇ ನಿಂತಿದ್ದರು. ಅವನು ಅವರನ್ನು ಕೇಳಿದ. ಆ ಹೆಂಗಸು ನನಗಿಂತ ಮುಂಚೆ ಬಂದಿದ್ದಾಳೆ ಅಂದರು, ಅಷ್ಟೇ. ಅಂಗಡಿ ಒಂದು ಕ್ಷಣ ತಣ್ಣಗಾಯಿತು. ಅವನು ಸಕ್ಕರೆ ತೂಗಿ ಕೊಟ್ಟ. ಆಮೇಲೆ ಅವನೇನೂ ಬದಲಾಗಲಿಲ್ಲ, ಅಮ್ಮ ಬದಲಾದಳು. ಮುಂದಿನ ವಾರದಿಂದ ಅಲ್ಲಿಗೆ ನನ್ನನ್ನು ಕಳಿಸೋಕೆ ಶುರು ಮಾಡಿದಳು, ಅವನು ನೋಡುವವರೆಗೆ ನಾನು ಬಿಡದೆ ಕೂಗುತ್ತಿದ್ದೆ.

ಆಗ ಏನು ಎಲ್ಲಿ ಸಿಗುತ್ತಿತ್ತು ಅಂತ ಹೇಳಿದರೆ ಈಗಿನವರು ನಂಬುವುದಿಲ್ಲ. ಆಲಿವ್ ಎಣ್ಣೆ ಔಷಧಿ ಅಂಗಡಿಯಲ್ಲಿ, ಪುಟ್ಟ ಬಾಟಲಿಯಲ್ಲಿ, ಕಿವಿಗೆ ಬಿಡೋಕೆ. ಅಮ್ಮ ಒಗ್ಗರಣೆಗೆ ಅಂತ ಆರು ಬಾಟಲಿ ಕೇಳಿದಾಗ ಅವರು, ಮನೆಯಲ್ಲಿ ಎಷ್ಟು ಜನಕ್ಕೆ ಕಿವಿನೋವು ಅಂತ ಕೇಳಿದರು. ತೆಂಗಿನಕಾಯಿ ಅಂದರೆ ಕೇಕ್ ಸಾಮಾನಿನ ಪಕ್ಕದ ಒಣ ಪುಡಿ.

1972ರಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿಂದ ಏಷ್ಯನ್ನರನ್ನು ಓಡಿಸಿದ. ಸುಮಾರು 28,000 ಜನ ಬ್ರಿಟನ್ನಿಗೆ ಬಂದರು. ಅದಾದ ಕೆಲವೇ ವರ್ಷದಲ್ಲಿ ನಮ್ಮ ಮೂಲೆಯಂಗಡಿಯನ್ನು ಒಂದು ಗುಜರಾತಿ ಕುಟುಂಬ ಕೊಂಡಿತು. ಅದೇ ಗಾಜಿನ ಜಾಡಿ, ಅದೇ ತಕ್ಕಡಿ, ಪಕ್ಕದಲ್ಲಿ ತೊಗರಿಬೇಳೆಯ ಮೂಟೆ. ರಾತ್ರಿ ಎಂಟಕ್ಕೂ ದೀಪ ಉರಿಯುತ್ತಿತ್ತು. ಅಮ್ಮ ಮೊದಲ ದಿನ ಬೇಳೆಯನ್ನು ಬೊಗಸೆಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು. ಆ ಅಂಗಡಿಯನ್ನು ಯಾವ ಮ್ಯೂಸಿಯಂನಲ್ಲಾದರೂ ಇಡುತ್ತಾರಾ ಅಂತ ಕಾಯುತ್ತಿದ್ದೇನೆ.

ಇನ್ನೊಂದು ವಿಷಯ. ನಾವು ಹೋಗಿದ್ದು ಬುಧವಾರ ಅಂದೆನಲ್ಲ. ನಮ್ಮ ಬೀದಿಯಲ್ಲಿ ಬುಧವಾರ ಮಧ್ಯಾಹ್ನ ಒಂದು ಗಂಟೆಗೆ ಪರದೆ ಎಳೆದುಬಿಡುತ್ತಿದ್ದರು. 1911ರ ಕಾನೂನು, ಅಂಗಡಿ ಕೆಲಸದವರಿಗೆ ವಾರಕ್ಕೆ ಅರ್ಧ ದಿನ ರಜೆ. ಭಾನುವಾರ ಹೇಗೂ ಬಂದ್, ಸೂಪರ್‌ಮಾರ್ಕೆಟ್‌ಗಳಿಗೆ ಭಾನುವಾರ ಬಾಗಿಲು ತೆರೆಯೋಕೆ ಇಂಗ್ಲೆಂಡಿನಲ್ಲಿ ಅನುಮತಿ ಸಿಕ್ಕಿದ್ದು 1994ರಲ್ಲಿ. ಕಿಸೆಯಲ್ಲಿ ಪೆನ್ನಿ ಇಟ್ಟುಕೊಂಡು, ಮುಚ್ಚಿದ ಬಾಗಿಲ ಗಾಜಿಗೆ ಮೂಗು ಒತ್ತಿ ಜಾಡಿ ಎಣಿಸಿದ ಮಧ್ಯಾಹ್ನಗಳೇ ನನಗೆ ಜಾಸ್ತಿ ನೆನಪಿವೆ. ಬೀಮಿಶ್‌ನಲ್ಲಿ ಮಧ್ಯಾಹ್ನ ಎರಡಕ್ಕೂ ಎಲ್ಲ ತೆರೆದಿತ್ತು. ದುಡ್ಡು ಕೊಟ್ಟು ಬಂದವರಿಗೆ ಮುಚ್ಚಿದ ಬಾಗಿಲು ತೋರಿಸೋಕೆ ಆಗುತ್ತಾ, ಸರಿಯೇ. ಆದರೂ ಒಂದು ಬಾಗಿಲನ್ನು ಒಂದು ಗಂಟೆಯಾದರೂ ಮುಚ್ಚಬಹುದಿತ್ತು, ಅಲ್ವಾ?

ಹೋಗುವವರಿಗೆ: ನಡೆಯೋಕೆ ಒಳ್ಳೆಯ ಶೂ ಹಾಕಿ, ಬೇಸಿಗೆಯಾದರೂ ಕೋಟು ಒಯ್ಯಿರಿ, ಇದು ಡರಂ ಕೌಂಟಿ. ಒಂದೇ ದಿನದಲ್ಲಿ ಎಲ್ಲ ನೋಡೋಕೆ ಹೋಗಬೇಡಿ. ವರ್ಷವಿಡೀ ಬರಬಹುದಾದ ಪಾಸ್ ತೆಗೆದುಕೊಂಡರೆ ಒಳ್ಳೆಯದು, ನಾವು ಅದನ್ನೇ ಮಾಡಿದೆವು. ಮಕ್ಕಳನ್ನು ಮೊದಲು ಟ್ರಾಮ್ ಹತ್ತಿಸಿ, ಆಮೇಲೆ ಮಿಠಾಯಿ. ಉಲ್ಟಾ ಮಾಡಿದರೆ ಟ್ರಾಮ್ ಸೀಟೆಲ್ಲ ಅಂಟು.

ಸಂಜೆ ಹೊರಡುವ ಮುಂಚೆ ಮೊಮ್ಮಗಳು ಚೆಂಡು ನೋಡಬೇಕು ಅಂತ ಮತ್ತೆ ಕೋಆಪ್‌ಗೆ ಎಳೆದುಕೊಂಡು ಹೋದಳು. ಬಿಳಿ ಏಪ್ರನ್ ಹಾಕಿದ ಹುಡುಗ ಕೌಂಟರ್ ಮೇಲೆ ಕೈಯೂರಿ, ನಿಮ್ಮ ಡಿವಿ ನಂಬರ್ ಏನಮ್ಮಾ ಅಂತ ಕೇಳಿದ. ಎಲ್ಲರನ್ನೂ ಹಾಗೇ ಕೇಳುತ್ತಾನೋ ಏನೋ. ಯೋಚನೆ ಮಾಡೋಕೆ ಮುಂಚೆಯೇ ಬಾಯಿಂದ ಬಂದುಬಿಟ್ಟಿತು, ನಾಲ್ಕಂಕಿ, ಗಟ್ಟಿಯಾಗಿ, ಹಿಂದೆ ಹತ್ತು ಜನ ನಿಂತಿದ್ದರು. ಅಜ್ಜೀ, ಅದು ನಿನ್ನ ಫೋನಿನ ನಂಬರ್ ಅಲ್ವಾ ಅಂತ ಮೊಮ್ಮಗಳು ಇನ್ನೂ ಗಟ್ಟಿಯಾಗಿ ಕೇಳಿದಳು. ಪಾರ್ಕಿಂಗ್‌ಗೆ ಬಂದು ಕಾರಿನಲ್ಲಿ ಕೂತು ಮೊದಲು ಪಾಸ್‌ವರ್ಡ್ ಬದಲಾಯಿಸಿದೆ.